ಫಾಲ್ ಬ್ಯಾಕ್ ಅಂದರೆ ಹಿಂದೆ ಬೀಳುವುದಲ್ಲ: ಹಿಂದೆ ಸರಿಯುವ ಇಂಗ್ಲಿಷನ್ನು ಕನ್ನಡದ ದಾರಿಯಲ್ಲಿ ಕಲಿಯೋಣ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಎಂದು ಕೂಗಿದರೆ ಡ್ರೈವರ್ ಬ್ರೇಕ್ ಒತ್ತುತ್ತಾರೆ. ಹೋಲ್ಡ್ ಅಂದರೆ ಹಿಡಿ, ಆನ್ ಅಂದರೆ ಮೇಲೆ, ಹಾಗಾದರೆ ಮೇಲೆ ಏನನ್ನು ಹಿಡಿಯಬೇಕು ಎಂದು ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಎರಡು ಪದ ಸೇರಿ ಒಂದೇ ಮಾತಾಗಿದೆ, ಅರ್ಥ ‘ತಡಿ, ನಿಲ್ಸು’. ಇಂಗ್ಲಿಷ್ ವ್ಯಾಕರಣ ಇದನ್ನು ಫ್ರೇಸಲ್ ವರ್ಬ್ ಅನ್ನುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ ಇದೊಂದನ್ನು ತಪ್ಪಿಲ್ಲದೆ ಬಳಸುತ್ತಾರೆ.

ಅದೇ ಜಾತಿಯ ‘ಫಾಲ್ ಬ್ಯಾಕ್’ ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ಮಾತ್ರ ಪದವೀಧರರೂ ತಡವರಿಸುತ್ತಾರೆ. ಇದು ನಮ್ಮೂರಿನ ಕಷ್ಟ ಮಾತ್ರವಲ್ಲ. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಹೊರಗಿನವರಿಗೆ ಅತಿ ಕಷ್ಟವಾಗುವುದು ಕ್ರಿಯಾಪದದ ಹಿಂದೆ ಸಣ್ಣ ಪದವೊಂದು ಅಂಟಿಕೊಂಡು ಅರ್ಥ ಬದಲಾಗುವ ಈ ಬಗೆಯೇ ಎಂದು ಬರೆದಿದ್ದ. ಅವನು ಕೊಟ್ಟ ಉದಾಹರಣೆಗಳಲ್ಲಿ ‘ಫಾಲ್’ ಕುಟುಂಬದ್ದೇ ಮೂರು: ಫಾಲ್ ಆನ್ ಅಂದರೆ ಮೇಲೆ ಎರಗು, ಫಾಲ್ ಆಫ್ ಅಂದರೆ ನಂಬಿದ ಮತ ಬಿಡು, ಫಾಲ್ ಇನ್ ಅಂದರೆ ಒಪ್ಪಿ ನಡೆ. ಮೂರರಲ್ಲಿ ಒಂದರಲ್ಲೂ ಯಾರೂ ನೆಲಕ್ಕೆ ಬೀಳುವುದಿಲ್ಲ.

ಸಂಜೆ ಬ್ಯಾಚಿನ ಇಂಗ್ಲಿಷ್ ಪಾಠದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗನೊಬ್ಬ ನನ್ನನ್ನು ಕೇಳಿದ: “ಸರ್, ಫಾಲ್ ಬ್ಯಾಕ್, ಬ್ಯಾಕ್ ಆಫ್, ಬ್ಯಾಕ್ ಔಟ್, ಬ್ಯಾಕ್ ಡೌನ್, ಎಲ್ಲದಕ್ಕೂ ಡಿಕ್ಷನರಿಯೊಳಗ ‘ಹಿಂದೆ ಸರಿ’ ಅಂತಾನೇ ಕೊಟ್ಟೈತಲ್ರಿ. ಯಾವುದು ಬರದ್ರೂ ನಡೀತೈತೇನ್ರಿ?” ನಡೆಯುವುದಿಲ್ಲ. ಡಿಕ್ಷನರಿಯದು ಸುಳ್ಳಲ್ಲ, ಆದರೆ ಅದು ಕನ್ನಡದ ಒಂದೇ ಒಂದು ಪದವನ್ನು ಎಲ್ಲದಕ್ಕೂ ಹಚ್ಚಿ ಕೈತೊಳೆದುಕೊಂಡಿದೆ. ಹಿಂದೆ ಸರಿಯುವುದಕ್ಕೆ ನಮ್ಮಲ್ಲಿ ಹಿಮ್ಮೆಟ್ಟು, ಹಿಂಜರಿ, ಹಿಂದೇಟು ಹಾಕು, ಪಟ್ಟು ಸಡಿಲಿಸು, ಜಾರಿಕೊ, ಮಾತು ತಪ್ಪು, ಕಾಲಿಗೆ ಬುದ್ಧಿ ಹೇಳು ಎಂದು ಬೇಕಾದಷ್ಟಿವೆ, ಯಾವುದನ್ನು ಎಲ್ಲಿ ಆಡಬೇಕೆಂದು ನಮಗೆ ಹುಟ್ಟಿನಿಂದ ಗೊತ್ತು. ಆ ತಿಳಿವನ್ನೇ ಹಿಡಿದುಕೊಂಡು ಇಂಗ್ಲಿಷಿಗೆ ಹೋದರೆ ದಾರಿ ಸಲೀಸು.

ಹಂತ 1: ಏನನ್ನು ಬಿಟ್ಟು ಹಿಂದೆ ಸರಿದರು ಎಂದು ಮೊದಲು ಕೇಳಿಕೊಳ್ಳಿ

ಇಂಗ್ಲಿಷ್ ವಾಕ್ಯ ಕಟ್ಟುವ ಮೊದಲು ಈ ಪ್ರಶ್ನೆ. ನಿಂತ ಜಾಗವನ್ನು ಬಿಟ್ಟರೋ? ಹಾಕುತ್ತಿದ್ದ ಒತ್ತಡವನ್ನೋ? ಹಿಡಿದ ಪಟ್ಟನ್ನೋ? ಕೊಟ್ಟ ಮಾತನ್ನೋ? ಕಣ್ಣೆದುರಿನ ಅಪಾಯಕ್ಕೆ ಅಂಜಿ ನಾಲ್ಕು ಹೆಜ್ಜೆ ಹಿಂದಿಟ್ಟರೋ?

ಜಾಗ ಬಿಟ್ಟರೆ ಫಾಲ್ ಬ್ಯಾಕ್. ಒತ್ತಡ ಬಿಟ್ಟರೆ ಬ್ಯಾಕ್ ಆಫ್. ಪಟ್ಟು ಬಿಟ್ಟರೆ ಬ್ಯಾಕ್ ಡೌನ್. ಮಾತು ಬಿಟ್ಟರೆ ಬ್ಯಾಕ್ ಔಟ್. ಅಂಜಿ ಹಿಂದೆ ಹೆಜ್ಜೆ ಇಟ್ಟರೆ ಬ್ಯಾಕ್ ಅವೇ. ಪರೀಕ್ಷೆಯ ಖಾಲಿ ಜಾಗ ತುಂಬುವುದಕ್ಕೆ ಇಷ್ಟು ಗೊತ್ತಿದ್ದರೆ ಬಹುಪಾಲು ಸಾಕು. ಮುಂದಿನದೆಲ್ಲ ಮಾತಿನಲ್ಲಿ, ಬರಹದಲ್ಲಿ ಬಳಸಬೇಕೆನ್ನುವವರಿಗೆ.

ಹಂತ 2: ‘ಹಿಂದೆ ಬೀಳು’ ಎಂಬ ಗುಂಡಿಯನ್ನು ದಾಟಿ

ಫಾಲ್ ಅಂದರೆ ಬೀಳು, ಬ್ಯಾಕ್ ಅಂದರೆ ಹಿಂದೆ. ಕೂಡಿಸಿದರೆ ‘ಹಿಂದೆ ಬೀಳು’. ಎಡವುವುದು ಇಲ್ಲೇ. ಏಕೆಂದರೆ ಕನ್ನಡದಲ್ಲಿ ‘ಹಿಂದೆ ಬೀಳು’ ಆಗಲೇ ಬೇರೆ ಎರಡು ಕೆಲಸ ಮಾಡುತ್ತಿದೆ. ‘ಹುಡುಗ ಓದಿನಲ್ಲಿ ಹಿಂದೆ ಬಿದ್ದ’ ಅಂದರೆ ಉಳಿದವರಿಗಿಂತ ಹಿಂದುಳಿದ. ಇದಕ್ಕೆ ಇಂಗ್ಲಿಷಿನಲ್ಲಿ ಫಾಲ್ ಬಿಹೈಂಡ್. ಬ್ಯಾಂಕಿನ ಕಂತು ಕಟ್ಟುವುದರಲ್ಲಿ ಹಿಂದೆ ಬಿದ್ದರೂ ಅದೇ. ಇನ್ನು ‘ದುಡ್ಡಿನ ಹಿಂದೆ ಬಿದ್ದ’ ಅಂದರೆ ಬೆನ್ನು ಹತ್ತಿದ, ಇಂಗ್ಲಿಷಿನಲ್ಲಿ ರನ್ ಆಫ್ಟರ್ ಅಥವಾ ಗೋ ಆಫ್ಟರ್.

‘ದಿ ಸೋಲ್ಜರ್ಸ್ ಫೆಲ್ ಬ್ಯಾಕ್’ ಎಂಬುದನ್ನು ‘ಸೈನಿಕರು ಹಿಂದೆ ಬಿದ್ದರು’ ಎಂದು ಅನುವಾದಿಸಿದರೆ, ಓದುವವರು ಅವರು ಶತ್ರುವನ್ನು ಅಟ್ಟಿಸಿಕೊಂಡು ಹೋದರು ಎಂದೇ ತಿಳಿದುಕೊಳ್ಳಬಹುದು. ಅರ್ಥ ಪೂರ್ತಿ ತಿರುಗುಮುರುಗು. ಸರಿಯಾದ ಕನ್ನಡ ‘ಸೈನಿಕರು ಹಿಮ್ಮೆಟ್ಟಿದರು’.

ಈ ಹಿಮ್ಮೆಟ್ಟು ಪದವನ್ನೇ ಒಮ್ಮೆ ನೋಡಿ. ಹಿಂ, ಮೆಟ್ಟು: ಹಿಂದಕ್ಕೆ ಹೆಜ್ಜೆ ಇಡು. ನಮ್ಮದೂ ಎರಡು ತುಂಡಿನ ಪದವೇ. ನಾವು ದಿಕ್ಕನ್ನು ಮೊದಲು ಹೇಳಿ ಕ್ರಿಯೆಗೆ ಅಂಟಿಸುತ್ತೇವೆ, ಇಂಗ್ಲಿಷಿನವರು ಕ್ರಿಯೆ ಹೇಳಿ ದಿಕ್ಕನ್ನು ಆಮೇಲೆ ಬಿಡಿಯಾಗಿ ಇಡುತ್ತಾರೆ. ಫ್ರೇಸಲ್ ವರ್ಬ್ ಅಂದಕೂಡಲೇ ಬೆದರುವವರಿಗೆ ನಾನು ಇದನ್ನೇ ತೋರಿಸುವುದು.

ಹಂತ 3: ಕೋಟೆಯಲ್ಲಿ ನಿಂತು ಅರ್ಥ ಮಾಡಿಕೊಳ್ಳಿ

ಫಾಲ್ ಬ್ಯಾಕ್ ಸೈನ್ಯದಲ್ಲಿ ಹೆಚ್ಚು ಕೇಳುವ ಮಾತು. ಅದರ ಅರ್ಥ ತಿಳಿಯಲು ಚಿತ್ರದುರ್ಗದ ಏಳು ಸುತ್ತಿನ ಕೋಟೆಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ಕೆಲವು ಸುತ್ತು ಕೆಳಗೆ ಬಯಲಿನಲ್ಲಿ, ಉಳಿದವು ಗುಡ್ಡದ ಮೇಲೆ. ಬಾಗಿಲುಗಳ ದಾರಿ ನೆಟ್ಟಗೆ ಹೋಗುವುದಿಲ್ಲ, ಹಾವಿನಂತೆ ತಿರುಗುತ್ತದೆ. ಹೊರಗಿನ ಸುತ್ತು ಶತ್ರುವಿನ ಪಾಲಾದರೆ ಕಾವಲಿನವರು ಒಳಗಿನ ಸುತ್ತಿಗೆ ಬಂದು ಮತ್ತೆ ನಿಲ್ಲಬಹುದು. ಅದೂ ಹೋದರೆ ಅದರೊಳಗಿನದು. ಇಡೀ ಕೋಟೆಯನ್ನು ಕಟ್ಟಿರುವುದೇ ಹಂತ ಹಂತವಾಗಿ ಹಿಂದೆ ಸರಿದು ಕಾದಾಡಲು ಅನುಕೂಲವಾಗುವ ಹಾಗೆ. ಇಂಗ್ಲಿಷಿನಲ್ಲಿ ಹೇಳುವುದಾದರೆ:

‘ದಿ ಗಾರ್ಡ್ಸ್ ಫೆಲ್ ಬ್ಯಾಕ್ ಟು ದಿ ಸೆಕೆಂಡ್ ವಾಲ್.’ ಕಾವಲಿನವರು ಎರಡನೇ ಸುತ್ತಿಗೆ ಹಿಮ್ಮೆಟ್ಟಿದರು.

ಇಲ್ಲಿ ಗಮನಿಸಬೇಕಾದದ್ದು, ಅವರು ಓಡಿಹೋಗಲಿಲ್ಲ. ಓಡಿಹೋದವರಿಗೆ ಕನ್ನಡದಲ್ಲಿ ‘ಕಾಲಿಗೆ ಬುದ್ಧಿ ಹೇಳಿದರು’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ರನ್ ಅವೇ. ಫಾಲ್ ಬ್ಯಾಕ್ ಮಾಡಿದವರ ಮುಖ ಸಾಮಾನ್ಯವಾಗಿ ಇನ್ನೂ ಶತ್ರುವಿನ ಕಡೆಗೇ ಇರುತ್ತದೆ, ನಿಲ್ಲಲು ಹಿಂದೆ ಒಂದು ಜಾಗವೂ ಇರುತ್ತದೆ. ರಿಟ್ರೀಟ್ ಅನ್ನುವ ಒಂಟಿ ಪದವೂ ಇದಕ್ಕೆ ಹತ್ತಿರದ್ದೇ, ಆದರೆ ಅದು ಸ್ವಲ್ಪ ಗ್ರಾಂಥಿಕ, ಸೋಲಿನ ವಾಸನೆಯೂ ಅದರಲ್ಲಿ ಹೆಚ್ಚು. ವಿತ್‌ಡ್ರಾ ಇನ್ನೂ ಅಧಿಕೃತ: ಮೇಲಿನವರು ಕೂತು ತೀರ್ಮಾನಿಸಿ ಹಿಂದಕ್ಕೆ ಕರೆಸಿಕೊಂಡದ್ದು. ನಾಮಪತ್ರ ಹಿಂತೆಗೆದುಕೊಂಡರೂ ವಿತ್‌ಡ್ರಾ, ಎಟಿಎಂನಲ್ಲಿ ದುಡ್ಡು ತೆಗೆದರೂ ವಿತ್‌ಡ್ರಾ. ಪತ್ರಿಕೆಯವರು ಬರೆಯುವ ‘ಚುನಾವಣಾ ಕಣದಿಂದ ಹಿಂದೆ ಸರಿದರು’ ಎಂಬುದಕ್ಕೆ ಫೆಲ್ ಬ್ಯಾಕ್ ಹಾಕಿದರೆ ನಗೆಪಾಟಲು. ಅದು ವಿತ್‌ಡ್ರೂ, ಇಲ್ಲವೇ ಪುಲ್ಡ್ ಔಟ್.

ರಿಟ್ರೀಟ್ ಬಗ್ಗೆ ಇನ್ನೊಂದು ಮಾತು. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಅನ್ನು ಟೀವಿಯಲ್ಲಿ ನೋಡಿ ‘ಯಾರನ್ನು ಹೊಡೀತಾರೆ ಸರ್’ ಎಂದು ಕೇಳುವವರು ಪ್ರತಿ ವರ್ಷ ಸಿಗುತ್ತಾರೆ. ಹೊಡೆಯುವುದು ಡೋಲನ್ನು. ಸೂರ್ಯ ಮುಳುಗುವಾಗ ಡೋಲು ಬಾರಿಸಿ, ಕಾದಾಟ ನಿಲ್ಲಿಸಿ ಪಾಳೆಯಕ್ಕೆ ಮರಳಿ ಎಂದು ಸೈನಿಕರಿಗೆ ಸಾರುತ್ತಿದ್ದ ಹಳೆಯ ಪದ್ಧತಿಯ ನೆನಪದು.

ಕೋಟೆಯ ಮಾತಿಗೇ ಬರೋಣ. ಫಾಲ್ ಬ್ಯಾಕ್‌ಗೆ ವಿರುದ್ಧ ಪದ ಕೇಳಿದರೆ ‘ಗೋ ಫಾರ್ವರ್ಡ್’ ಎಂದು ಬರೆಯುವವರಿದ್ದಾರೆ. ಬೇಕಾದದ್ದು ‘ಕದಲದೆ ನಿಲ್ಲು’. ನೀರು ತರಲು ಹೋಗಿ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡ ಓಬವ್ವ ಹಿಂದೆ ಸರಿಯದೆ ಒನಕೆ ಹಿಡಿದು ಅಲ್ಲೇ ನಿಂತಳಲ್ಲ, ಅದು ಇಂಗ್ಲಿಷಿನಲ್ಲಿ ‘ಶಿ ಸ್ಟುಡ್ ಹರ್ ಗ್ರೌಂಡ್’. ಕೋಟೆಯೊಳಗಿನವರು ಮುತ್ತಿಗೆಯನ್ನು ತಾಳಿಕೊಂಡರು ಅನ್ನುವುದಕ್ಕೆ ಹೋಲ್ಡ್ ಔಟ್. ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಬಂದ, ಕೋಟೆ ಕೊನೆಗೂ ಅವನ ಕೈ ಸೇರಿದ್ದು 1779ರಲ್ಲಿ. ಹಾಗಾಗಿ ‘ದಿ ಫೋರ್ಟ್ ಹೆಲ್ಡ್ ಔಟ್ ಅನ್‌ಟಿಲ್ 1779’ ಎಂದು ಧೈರ್ಯವಾಗಿ ಬರೆಯಬಹುದು.

ಹಂತ 4: ವಾಕ್ಯದಲ್ಲಿ ಕೂರಿಸುವಾಗ

ರೂಪಗಳು ಫಾಲ್, ಫೆಲ್, ಫಾಲನ್. ಫೆಲ್ ಬದಲು ಫೆಲ್ಟ್ ಬರೆಯುವ ಚಾಳಿ ಇದ್ದರೆ ಬಿಡಿ, ಅದು ‘ಅನ್ನಿಸಿತು’ ಎಂಬ ಬೇರೆ ಪದ.

ಫಾಲ್ ಬ್ಯಾಕ್‌ಗೆ ಕರ್ಮ ಇಲ್ಲ. ಹಿಮ್ಮೆಟ್ಟುವವರು ತಾವೇ ಹಿಮ್ಮೆಟ್ಟುತ್ತಾರೆ, ಯಾರನ್ನೋ ‘ಫಾಲ್ ಬ್ಯಾಕ್ ಮಾಡಿಸಲು’ ಬರುವುದಿಲ್ಲ. ಕರ್ಮ ಇಲ್ಲದ ಮೇಲೆ ಕರ್ಮಣಿ ಪ್ರಯೋಗವೂ ಇಲ್ಲ. ‘ದಿ ಸೋಲ್ಜರ್ಸ್ ವರ್ ಫಾಲನ್ ಬ್ಯಾಕ್’ ಎಂದು ಬರೆದರೆ ಅಂಕ ಹೋಯಿತು. ‘ಸೇನಾಪತಿ ಸೈನ್ಯವನ್ನು ಹಿಂದಕ್ಕೆ ಸರಿಸಿದ’ ಅನ್ನಬೇಕಾದರೆ ಪುಲ್ ಬ್ಯಾಕ್ ಬಳಸಿ: ‘ಹಿ ಪುಲ್ಡ್ ಬ್ಯಾಕ್ ದಿ ಟ್ರೂಪ್ಸ್’ ಸರಿ, ‘ಹಿ ಪುಲ್ಡ್ ದಿ ಟ್ರೂಪ್ಸ್ ಬ್ಯಾಕ್’ ಕೂಡ ಸರಿ. ಹೆಸರಿನ ಬದಲು ‘ದೆಮ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಲ್ಡ್ ದೆಮ್ ಬ್ಯಾಕ್’. ‘ಪುಲ್ಡ್ ಬ್ಯಾಕ್ ದೆಮ್’ ಇಲ್ಲ. ‘ದಿ ಟ್ರೂಪ್ಸ್ ವರ್ ಪುಲ್ಡ್ ಬ್ಯಾಕ್’ ಎಂದು ಕರ್ಮಣಿಯಲ್ಲೂ ಬರೆಯಬಹುದು. ಸರಿಯುವುದಕ್ಕೂ ಸರಿಸುವುದಕ್ಕೂ ಇರುವ ವ್ಯತ್ಯಾಸ ಕನ್ನಡದಲ್ಲಿ ಒಂದು ಅಕ್ಷರದ್ದು, ಇಂಗ್ಲಿಷಿನಲ್ಲಿ ಪದವನ್ನೇ ಬದಲಿಸಬೇಕಾಗುತ್ತದೆ.

ಎಲ್ಲಿಗೆ ಹಿಮ್ಮೆಟ್ಟಿದರು ಎಂಬುದಕ್ಕೆ ಟು, ಎಲ್ಲಿಂದ ಎಂಬುದಕ್ಕೆ ಫ್ರಮ್. ‘ಹಿ ಫೆಲ್ ಬ್ಯಾಕ್ ಆಂಟು ದಿ ಬೆಡ್’ ಎಂದು ಓದಿದರೆ ಅಲ್ಲಿ ಯುದ್ಧ ಇಲ್ಲ, ಆಸಾಮಿ ನಿಜಕ್ಕೂ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದಾನೆ.

ಮಾರುಕಟ್ಟೆ ಸುದ್ದಿಯಲ್ಲೂ ಈ ಪದ ಕಾಣಿಸುತ್ತದೆ. ಚನ್ನಗಿರಿ ಕಡೆಯವರಿಗೆ ಅಡಿಕೆ ಧಾರಣೆ ಬೆಳಗಿನ ಕಾಫಿಯಷ್ಟೇ ಮುಖ್ಯ, ಅದನ್ನೇ ತಗೊಳ್ಳಿ. ‘ಪ್ರೈಸಸ್ ಫೆಲ್’ ಅಂದರೆ ಧಾರಣೆ ಇಳಿಯಿತು, ಅಷ್ಟೆ. ‘ಪ್ರೈಸಸ್ ಫೆಲ್ ಬ್ಯಾಕ್’ ಅಂದರೆ ಮೊದಲು ಏರಿತ್ತು, ಏರಿದ್ದು ನಿಲ್ಲದೆ ಮತ್ತೆ ಇಳಿಯಿತು. ಬ್ಯಾಕ್ ಎಂಬ ಪುಟ್ಟ ಪದ ಹಿಂದಿನ ಕಥೆಯನ್ನೂ ಹೇಳುತ್ತಿದೆ. ಷೇರು ಪೇಟೆಯ ವರದಿ ಓದುವವರು ಇದನ್ನು ನೆನಪಿಡಿ.

ಹಂತ 5: ‘ಆನ್’ ಸೇರಿದಾಗ ಕಥೆಯೇ ಬೇರೆ

ಇಡೀ ಲೇಖನದಲ್ಲಿ ಒಂದನ್ನೇ ಕಲಿಯುವಷ್ಟು ಪುರುಸೊತ್ತಿದ್ದರೆ ಇದನ್ನು ಕಲಿಯಿರಿ. ದಿನದ ಮಾತಿನಲ್ಲಿ ಬರಿಯ ಫಾಲ್ ಬ್ಯಾಕ್‌ಗಿಂತ ಫಾಲ್ ಬ್ಯಾಕ್ ಆನ್ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಿಮ್ಮೆಟ್ಟಿ ಕೋಟೆಯೊಳಗೆ ಬಂದವರಿಗೆ ಅಲ್ಲಿ ಏನಿದೆ? ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡದ ನೀರಿದೆ. ಕಣಜದಲ್ಲಿ ಕಾಳಿದೆ. ಹೊರಗಿನ ದಾರಿ ಮುಚ್ಚಿದರೂ ಅವುಗಳ ಆಸರೆಯಲ್ಲಿ ದಿನ ದೂಡಬಹುದು. ಫಾಲ್ ಬ್ಯಾಕ್ ಆನ್ ಎಂಬುದರ ಅರ್ಥ ಇಷ್ಟೇ: ಮೊದಲು ನಂಬಿದ್ದು ಕೈಕೊಟ್ಟಾಗ, ಹಿಂದೆ ಇಟ್ಟುಕೊಂಡಿದ್ದರ ಆಸರೆ ಪಡೆ.

ಇಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ವಾಕ್ಯವನ್ನು ಮಗುಚಿ ಹಾಕಬೇಕು. ಚಳ್ಳಕೆರೆ ಕಡೆಯ ರೈತರು ಏನನ್ನುತ್ತಾರೆ? ‘ಮಳೆ ಕೈಕೊಟ್ತು, ಶೇಂಗಾ ಹೋತು, ಕುರಿ ಕೈಹಿಡಿದ್ವು.’ ಕನ್ನಡದಲ್ಲಿ ಕೈಕೊಟ್ಟದ್ದು ಮಳೆ, ಕೈಹಿಡಿದದ್ದು ಕುರಿ. ಕಾಪಾಡಿದ್ದೇ ಕರ್ತೃ, ಮನುಷ್ಯ ವಾಕ್ಯದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಇಂಗ್ಲಿಷಿನಲ್ಲಿ ಮನುಷ್ಯನೇ ಮುಂದೆ ಬರಬೇಕು: ‘ವೆನ್ ದಿ ರೇನ್ಸ್ ಫೇಲ್ಡ್, ದೆ ಫೆಲ್ ಬ್ಯಾಕ್ ಆನ್ ದೇರ್ ಶೀಪ್.’ ಅವರು ಕುರಿಯ ಮೇಲೆ ಬೀಳಲಿಲ್ಲ, ಕುರಿಯಿಂದ ಬದುಕಿದರು.

ಹೀಗೇ ಇನ್ನೆರಡನ್ನು ಮಗುಚಿ ನೋಡಿ. ಭದ್ರಾ ನಾಲೆಯ ನೀರು ಕೊನೆಯ ಭಾಗದ ಗದ್ದೆಗೆ ಬರದಿದ್ದಾಗ ‘ಬೋರ್‌ವೆಲ್ಲೇ ಗತಿ ಆತು’ ಅನ್ನುತ್ತಾರೆ: ‘ವಿ ಫೆಲ್ ಬ್ಯಾಕ್ ಆನ್ ದಿ ಬೋರ್‌ವೆಲ್.’ ಮಗಳ ಮದುವೆಗೆ ಸಾಲ ಸಿಗದೆ ಅಜ್ಜಿಯ ಬಂಗಾರ ಕೆಲಸಕ್ಕೆ ಬಂದರೆ: ‘ದೆ ಫೆಲ್ ಬ್ಯಾಕ್ ಆನ್ ದಿ ಓಲ್ಡ್ ಗೋಲ್ಡ್.’ ಕನ್ನಡದಲ್ಲಿ ‘ಗತಿ’, ‘ಆಸರೆ’, ‘ಕೈಹಿಡಿ’, ‘ಆಪತ್ತಿಗಾಯ್ತು’ ಎಂಬ ಮಾತು ನಾಲಗೆಗೆ ಬಂದ ಕೂಡಲೇ ಇಂಗ್ಲಿಷಿನಲ್ಲಿ ಫಾಲ್ ಬ್ಯಾಕ್ ಆನ್ ಕೂರುತ್ತದೆಯೇ ಎಂದು ನೋಡಿ.

ಇದಕ್ಕೆ ಜೋಡಿಯಾಗಿ ಫಾಲ್ ಥ್ರೂ ಕಲಿತರೆ ಲಾಭ. ಮಾಡಿಟ್ಟ ಯೋಜನೆ ಮುರಿದು ಬೀಳುವುದಕ್ಕೆ ಫಾಲ್ ಥ್ರೂ. ‘ದಿ ಫಸ್ಟ್ ಪ್ಲಾನ್ ಫೆಲ್ ಥ್ರೂ, ಸೋ ವಿ ಫೆಲ್ ಬ್ಯಾಕ್ ಆನ್ ದಿ ಸೆಕೆಂಡ್.’ ಕಲ್ಯಾಣಮಂಟಪ ಸಿಗಲಿಲ್ಲ, ಮನೆ ಮುಂದೆಯೇ ಪೆಂಡಾಲ್ ಹಾಕಿಸಿದೆವು ಎಂಬಲ್ಲಿಗೂ ಇದೇ ವಾಕ್ಯ.

ವಸ್ತುವೇ ಆಗಬೇಕಿಲ್ಲ, ಅಭ್ಯಾಸವೂ ಆಗಬಹುದು. ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಹೆಸರಾದ ವಿನಯ್ ಕುಮಾರ್ ಅವರ ಊರಿನವರಿಗೆ ಕ್ರಿಕೆಟ್ ಉದಾಹರಣೆ ಬೇಗ ಹತ್ತುತ್ತದೆ: ಚೆಂಡು ಸ್ವಿಂಗ್ ಆಗದ ದಿನ ಬೌಲರ್ ನಿಧಾನಗತಿಯ ಎಸೆತದ ಮೊರೆ ಹೋದ, ‘ಹಿ ಫೆಲ್ ಬ್ಯಾಕ್ ಆನ್ ದಿ ಸ್ಲೋವರ್ ಬಾಲ್’. ಇಂಗ್ಲಿಷ್ ಮಾತಾಡುತ್ತಾ ಪದ ಸಿಗದೆ ಕನ್ನಡಕ್ಕೆ ಬಂದವರಿಗೂ ಇದೇ ಪದ: ‘ಹಿ ಫೆಲ್ ಬ್ಯಾಕ್ ಆನ್ ಕನ್ನಡ.’

ಉಚ್ಚಾರಣೆ ಇಲ್ಲೇ ಹೇಳಿಬಿಡುತ್ತೇನೆ. ಒತ್ತು ಬೀಳುವುದು ‘ಬ್ಯಾಕ್’ ಮೇಲೆ, ‘ಆನ್’ ಅದಕ್ಕೆ ಅಂಟಿಕೊಂಡು ‘ಬ್ಯಾಕಾನ್’ ಆಗುತ್ತದೆ. ಹೋಲ್ಡ್ ಆನ್ ನಮ್ಮ ಕಂಡಕ್ಟರ್ ಬಾಯಲ್ಲಿ ಹೋಲ್ಡಾನ್ ಆದ ಹಾಗೆಯೇ. ನಾಲಗೆ ಆಗಲೇ ಪಳಗಿದೆ ಅನ್ನಿ. ಫ ಅಕ್ಷರವನ್ನು ಮಾತ್ರ ಪ ಮಾಡಬೇಡಿ, ‘ಪಾಲ್ ಬ್ಯಾಕ್’ ಅಂದರೆ ಕೇಳುವವರು ಅದು ಯಾರದೋ ಪಾಲು ಎಂದುಕೊಂಡಾರು.

ಹಂತ 6: ನಾಮಪದವಾದಾಗ, ಮುಖ್ಯವಾಗಿ ಸಂದರ್ಶನಕ್ಕೆ ಹೋಗುವವರಿಗೆ

ಎರಡನ್ನೂ ಕೂಡಿಸಿ ಒಂದೇ ಪದವಾಗಿ ಬರೆದರೆ ‘ಫಾಲ್‌ಬ್ಯಾಕ್’ ನಾಮಪದ. ಒತ್ತು ಮೊದಲ ಭಾಗಕ್ಕೆ ಹಾರುತ್ತದೆ. ಅರ್ಥ: ಮೊದಲನೆಯದು ಕೆಟ್ಟರೆ ಇರಲಿ ಎಂದು ಇಟ್ಟುಕೊಂಡ ಎರಡನೆಯದು. ಕಂಪ್ಯೂಟರ್ ಕೆಲಸದವರಿಗೆ ಇದು ಚಿರಪರಿಚಿತ. ಪುಟದಲ್ಲಿ ಹೇಳಿದ ಕನ್ನಡ ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅದು ಬೇರೊಂದು ಫಾಂಟನ್ನು ಹುಡುಕಿ ತೋರಿಸುತ್ತದೆ, ಆ ಎರಡನೆಯದೇ ಫಾಲ್‌ಬ್ಯಾಕ್ ಫಾಂಟ್. ಅದೂ ಸಿಗದಿದ್ದಾಗ ಚೌಕ ಚೌಕ ಡಬ್ಬಿಗಳು ಕಾಣುವುದು.

ಪಿಯುಸಿ ಮುಗಿಸಿ ನೀಟ್, ಸಿಇಟಿ ಬರೆಯುವ ಮಕ್ಕಳು ‘ಮೆಡಿಕಲ್ ಸಿಗದಿದ್ರೆ ಅಗ್ರಿ ಬಿಎಸ್ಸಿ’ ಅನ್ನುತ್ತಾರಲ್ಲ, ಅವರ ಲೆಕ್ಕದಲ್ಲಿ ಅಗ್ರಿ ಬಿಎಸ್ಸಿ ಫಾಲ್‌ಬ್ಯಾಕ್. ಮನೆಯಲ್ಲಿ ಹೀಗೆ ಹೇಳಿದರೆ ಏನೂ ಆಗುವುದಿಲ್ಲ. ಆದರೆ ಅಗ್ರಿ ಕಾಲೇಜಿನ ಪ್ರಾಧ್ಯಾಪಕರ ಎದುರು ‘ದಿಸ್ ಈಸ್ ಮೈ ಫಾಲ್‌ಬ್ಯಾಕ್’ ಅಂದರೆ, ‘ಬೇರೆ ಎಲ್ಲೂ ಸಿಗಲಿಲ್ಲ, ಅದಕ್ಕೆ ಇಲ್ಲಿಗೆ ಬಂದೆ’ ಎಂದು ಹೇಳಿದ ಹಾಗೆ. ಕೆಲಸದ ಸಂದರ್ಶನದಲ್ಲೂ ಅಷ್ಟೇ. ‘ಡು ಯು ಹ್ಯಾವ್ ಎ ಫಾಲ್‌ಬ್ಯಾಕ್ ಪ್ಲಾನ್’ ಎಂದು ಅವರು ಕೇಳಿದರೆ, ಈ ಯೋಜನೆ ಕೆಟ್ಟರೆ ಮುಂದೇನು ಮಾಡುತ್ತೀರಿ ಎಂದು ಅರ್ಥ. ನಿಮ್ಮ ಕೆಲಸದ ಯೋಜನೆಯ ಬಗ್ಗೆ ಉತ್ತರಿಸಿ, ಆ ಕಂಪನಿಯನ್ನೇ ಫಾಲ್‌ಬ್ಯಾಕ್ ಅನ್ನಬೇಡಿ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಇನ್ನೊಂದು ‘ಫಾಲ್ ಬ್ಯಾಕ್’ ಕಿವಿಗೆ ಬೀಳುತ್ತದೆ. ಅಲ್ಲಿ ಮಾರ್ಚಿಯ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನೆನಪಿಗಾಗಿ ‘ಸ್ಪ್ರಿಂಗ್ ಫಾರ್ವರ್ಡ್, ಫಾಲ್ ಬ್ಯಾಕ್’ ಅನ್ನುತ್ತಾರೆ. ಅಮೆರಿಕನ್ನರಿಗೆ ಫಾಲ್ ಅಂದರೆ ಎಲೆ ಉದುರುವ ಶರತ್ಕಾಲವೂ ಹೌದು, ಹಾಗಾಗಿ ಅದು ಪದದಾಟ. ನ್ಯೂಯಾರ್ಕಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ ಬರುವುದು ಇದರಿಂದ. ನವೆಂಬರಿನಲ್ಲಿ ಮಗನ ಫೋನ್ ಒಂದು ಗಂಟೆ ತಡವಾಗಿ ಬಂದರೆ ಗಾಬರಿ ಬೇಡ.

ಹಂತ 7: ‘ಬ್ಯಾಕ್’ ಮನೆತನದ ಉಳಿದವರು

ಬ್ಯಾಕ್ ಔಟ್: ಒಪ್ಪಿಕೊಂಡ ಮೇಲೆ ಜಾರಿಕೊಳ್ಳುವುದು. ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ರೇಟು ಮಾತಾಡಿ, ಲಾರಿ ಬಂದ ಮೇಲೆ ‘ಈಗ ಬ್ಯಾಡ ಬಿಡ್ರಿ’ ಅಂದವನಿಗೆ ‘ಹಿ ಬ್ಯಾಕ್ಡ್ ಔಟ್ ಆಫ್ ದಿ ಡೀಲ್’. ಜೊತೆಗೆ ಒಂದೇ ಎಫ್ ಇರುವ ‘ಆಫ್’ ಬೇಕು, ಫ್ರಮ್ ಹಾಕಬೇಡಿ. ಮೊದಲು ಒಪ್ಪಿಗೆ ಇಲ್ಲದಿದ್ದರೆ ಬ್ಯಾಕ್ ಔಟ್ ಎಂಬುದೂ ಇಲ್ಲ. ಒಪ್ಪಿಕೊಳ್ಳುವುದಕ್ಕೇ ಮೀನಮೇಷ ಎಣಿಸುವವರು, ಹಿಂದೇಟು ಹಾಕುವವರು ಹ್ಯಾಂಗ್ ಬ್ಯಾಕ್ ಅಥವಾ ಶೈ ಅವೇ ಗುಂಪಿನವರು.

ಬ್ಯಾಕ್ ಡೌನ್: ವಾದದಲ್ಲಿ, ಬೇಡಿಕೆಯಲ್ಲಿ ಪಟ್ಟು ಸಡಿಲಿಸುವುದು. ಬಾಡಿಗೆ ಹೆಚ್ಚಿಸಲೇಬೇಕು ಎಂದು ಹಾರಾಡುತ್ತಿದ್ದ ಮನೆ ಮಾಲೀಕ ಕರಾರು ಪತ್ರ ತೋರಿಸಿದ ಮೇಲೆ ಮೆತ್ತಗಾದರೆ, ‘ದಿ ಓನರ್ ಬ್ಯಾಕ್ಡ್ ಡೌನ್’. ಈ ‘ಮೆತ್ತಗಾದ’ ಎಂಬುದೇ ಇದಕ್ಕೆ ಅತಿ ಹತ್ತಿರದ ಕನ್ನಡ. ಎದುರಾಳಿ ಇರಬೇಕು, ಬಿಸಿ ಮಾತು ನಡೆದಿರಬೇಕು, ಆಗಲೇ ಬ್ಯಾಕ್ ಡೌನ್.

ಬ್ಯಾಕ್ ಆಫ್ ಬಗ್ಗೆ ಸ್ವಲ್ಪ ಜೋಪಾನ. ಒತ್ತಡ ಹಾಕುವುದನ್ನು ಬಿಡು, ತಂಟೆಗೆ ಬರಬೇಡ ಎಂಬುದು ಇದರ ಅರ್ಥ. ವರದಿಯಲ್ಲಿ ಬಂದರೆ ಸಾಧು: ‘ದಿ ಬ್ರೋಕರ್ ಬ್ಯಾಕ್ಡ್ ಆಫ್’, ಅಂದರೆ ಸೈಟು ಮಾರು ಎಂದು ಕಾಡುತ್ತಿದ್ದ ದಲ್ಲಾಳಿ ಕಾಡುವುದನ್ನು ಬಿಟ್ಟ. ಎದುರಿನವರ ಮುಖಕ್ಕೆ ‘ಬ್ಯಾಕ್ ಆಫ್!’ ಅಂದಿರೋ, ಅದು ‘ಏ, ಹೋಗಲೇ ಆಕಡೆ’ ಎಂಬಷ್ಟೇ ಒರಟು. ಸಿನಿಮಾ ನೋಡಿ ಕಲಿತವರು ಇದನ್ನು ಆಫೀಸಿನ ಹಿರಿಯರ ಮೇಲೆ ಪ್ರಯೋಗಿಸಬಾರದು. ‘ಸ್ವಲ್ಪ ಟೈಮ್ ಕೊಡ್ರಿ ಸರ್’ ಎಂಬ ನಯ ಬೇಕಿದ್ದಲ್ಲಿ ‘ಕುಡ್ ಯು ಗಿವ್ ಮಿ ಸಮ್ ಟೈಮ್’ ಎಂದು ಬಿಡಿಸಿಯೇ ಹೇಳಿ. ಗುಂಪನ್ನು ಸ್ವಲ್ಪ ಹಿಂದೆ ಸರಿಯಿರಿ ಎಂದು ಕೇಳಿಕೊಳ್ಳಬೇಕಾದರೆ ‘ಪ್ಲೀಸ್ ಸ್ಟ್ಯಾಂಡ್ ಬ್ಯಾಕ್’.

ಬ್ಯಾಕ್ ಅವೇ: ಮುಖ ತಿರುಗಿಸದೆ ಹಿಂದಕ್ಕೆ ಹೆಜ್ಜೆ ಇಡುವುದು. ರಾತ್ರಿ ಓಣಿಯ ನಾಯಿ ಗುರ್ ಅಂದಾಗ ಬುದ್ಧಿವಂತರು ಮಾಡುವುದು ಇದನ್ನೇ.

ಬ್ಯಾಕ್ ಅಪ್: ಅಮೆರಿಕದವರು ಗಾಡಿ ರಿವರ್ಸ್ ತೆಗೆಯುವುದಕ್ಕೆ ಅನ್ನುತ್ತಾರೆ. ಬೆಂಬಲಕ್ಕೂ, ಫೈಲುಗಳ ನಕಲಿಗೂ ಇದೇ. ನಮ್ಮಲ್ಲಿ ‘ರಿವರ್ಸ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಬ್ಯಾಕ್ ಅಪ್ ಹಟ ಬೇಡ.

ಬ್ಯಾಕ್ ಎಂಬುದನ್ನು ಬೇಡದ ಕಡೆ ಅಂಟಿಸುವ ರೂಢಿಯೂ ನಮ್ಮಲ್ಲಿದೆ. ‘ರಿಟರ್ನ್ ಬ್ಯಾಕ್’, ‘ರಿವರ್ಟ್ ಬ್ಯಾಕ್’, ‘ರಿಟ್ರೀಟ್ ಬ್ಯಾಕ್’: ಮೂರರಲ್ಲೂ ‘ಹಿಂದಕ್ಕೆ’ ಎಂಬುದು ಮೊದಲ ಪದದೊಳಗೇ ಇದೆ. ಅರ್ಜಿ ಬರೆಯುವಾಗ ಎರಡನೆಯದನ್ನು ಹೊಡೆದುಹಾಕಿ.

ಹಂತ 8: ಕೈ ಪಳಗಿಸಿಕೊಳ್ಳಿ

ಕೆಳಗಿನ ಪ್ರತಿ ವಾಕ್ಯದಲ್ಲೂ ‘ಹಿಂದೆ ಸರಿ’ ಅಥವಾ ಅದರ ನೆರಳಿದೆ. ಉತ್ತರ ಓದುವ ಮೊದಲು ಹಂತ 1ರ ಪ್ರಶ್ನೆ ಕೇಳಿಕೊಳ್ಳಿ.

ಮುಹೂರ್ತಕ್ಕೆ ಎರಡು ದಿನ ಇರುವಾಗ ಗಂಡಿನ ಕಡೆಯವರು ಹಿಂದೆ ಸರಿದರು. ಒಪ್ಪಿದ ಮಾತು ಬಿಟ್ಟರು, ಬ್ಯಾಕ್ಡ್ ಔಟ್.

ಪೊಲೀಸರು ಮುಂದೆ ಬಂದಾಗ ಗುಂಪು ಜಯದೇವ ಸರ್ಕಲ್ ತನಕ ಹಿಂದೆ ಸರಿಯಿತು. ಜಾಗ ಬಿಟ್ಟಿತು, ಹೋಗಿ ನಿಲ್ಲಲು ಒಂದು ಜಾಗವೂ ಇದೆ, ಫೆಲ್ ಬ್ಯಾಕ್ ಟು ದಿ ಸರ್ಕಲ್. ಗುಂಪು ದಿಕ್ಕಾಪಾಲಾಗಿ ಓಡಿದ್ದರೆ ಫೆಲ್ ಬ್ಯಾಕ್ ಅಲ್ಲ, ಸ್ಕ್ಯಾಟರ್ಡ್.

ಕರೆಂಟ್ ಹೋದರೂ ಚಿಂತೆ ಇಲ್ಲ, ಯುಪಿಎಸ್ ಐತಿ. ‘ವಿ ಹ್ಯಾವ್ ಎ ಯುಪಿಎಸ್ ಟು ಫಾಲ್ ಬ್ಯಾಕ್ ಆನ್.’ ಕೊನೆಯ ‘ಆನ್’ ಅನ್ನು ಬಿಡಬೇಡಿ, ಅದಿಲ್ಲದೆ ವಾಕ್ಯ ಕುಂಟುತ್ತದೆ.

ಆಕೆ ಎಲ್ಲರ ಮುಂದೆ ಮಾತಾಡಲು ಹಿಂಜರಿಯುತ್ತಾಳೆ. ಇದಕ್ಕೆ ಫ್ರೇಸಲ್ ವರ್ಬೇ ಬೇಕೆಂದಿಲ್ಲ, ಹೆಸಿಟೇಟ್ಸ್ ಸಾಕು. ಎಲ್ಲ ಕಡೆಯೂ ಎರಡು ಪದ ತುರುಕಿದರೆ ಇಂಗ್ಲಿಷ್ ಚೆಂದವಾಗುತ್ತದೆ ಎಂಬ ನಂಬಿಕೆ ಕೋಚಿಂಗ್ ನೋಟ್ಸುಗಳದ್ದು, ನನ್ನದಲ್ಲ.

ಸಚಿವರು ತಮ್ಮ ಹೇಳಿಕೆಯಿಂದ ಹಿಂದೆ ಸರಿದರು. ಇದು ಚರ್ಚೆಗೆ ಯೋಗ್ಯ. ವಿರೋಧ ಜೋರಾಗಿ, ಅದಕ್ಕೆ ಮಣಿದು ಮೆತ್ತಗಾದರೆ ಬ್ಯಾಕ್ಡ್ ಡೌನ್. ಬ್ರಿಟಿಷ್ ಪತ್ರಿಕೆಗಳು ಇದಕ್ಕೆ ಕ್ಲೈಂಬ್ಡ್ ಡೌನ್ ಎಂದೂ ಬರೆಯುತ್ತವೆ. ‘ನಾನು ಹಾಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ’ ಎಂದು ಬಾಯಿಬಿಟ್ಟು ಹೇಳಿದ್ದರೆ ರಿಟ್ರಾಕ್ಟೆಡ್, ಆಡುಮಾತಿನಲ್ಲಿ ಟುಕ್ ಇಟ್ ಬ್ಯಾಕ್. ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದು ತಿರುಗಿಬಿದ್ದಿದ್ದರೆ ಅದು ಹಿಂದೆ ಸರಿಯುವುದೇ ಅಲ್ಲ, ಡಿನೈಡ್. ಸುದ್ದಿಯನ್ನು ಪೂರ್ತಿ ಓದದೆ ತಲೆಬರಹವನ್ನಷ್ಟೇ ಅನುವಾದಿಸಲು ಹೊರಟರೆ ಮೂರರಲ್ಲಿ ಯಾವುದೆಂದು ಗೊತ್ತಾಗುವುದಿಲ್ಲ.